ಮಗನನ್ನೇ ‘ಅಪ್ಪ’ ಅನ್ನುವ ಸೀಮೆ

ಕನ್ನಡದಲ್ಲಿ ಪ್ರೀತಿ ಹೇಳಿಕೊಳ್ಳಲು ಮಾತಿಲ್ಲ ಎಂಬ ದೂರು ಹೊಸದೇನಲ್ಲ. ಅದರಲ್ಲೂ ಹಳ್ಳಿಯ ಕನ್ನಡದ ಮೇಲೆ ಈ ದೂರು ಒಂದು ಕೈ ಹೆಚ್ಚು. ಗಂಡ ಹೆಂಡತಿಯನ್ನು ‘ಲೇ’ ಅನ್ನುತ್ತಾನೆ, ಹೆಂಡತಿ ಗಂಡನ ಹೆಸರೇ ಎತ್ತುವುದಿಲ್ಲ, ತಾಯಿ ಮಗನನ್ನು ಬೈದುಕೊಂಡೇ ಊಟಕ್ಕೆ ಕರೆಯುತ್ತಾಳೆ, ಇನ್ನು ಅಕ್ಕರೆಯ ಮಾತು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಹೋಲಿಕೆಗೆ ಅವರು ತರುವುದು ಸ್ಪ್ಯಾನಿಷ್‌ನಂಥ ಭಾಷೆಗಳನ್ನು. ಆ ಭಾಷೆಯಲ್ಲಿ ಪ್ರೀತಿಪಾತ್ರರನ್ನು ಕರೆಯಲು ‘ಮಿ ವಿದಾ’ ಇದೆ, ಅಂದರೆ ನನ್ನ ಜೀವ. ‘ಮಿ ಸಿಯೆಲೊ’ ಇದೆ, ನನ್ನ ಆಕಾಶ. ‘ತೆಸೊರೊ’ ಅಂದರೆ ನಿಧಿ, ‘ಕೊರಸೋನ್’ ಅಂದರೆ ಹೃದಯ. ಇವೆಲ್ಲ ಪುಸ್ತಕದ ಮಾತುಗಳೂ ಅಲ್ಲ, ಅಡುಗೆಮನೆಯಿಂದ ಹಜಾರಕ್ಕೆ ದಿನವೂ ಕೂಗಿ ಕರೆಯುವ ಮಾತುಗಳು. ನಮ್ಮಲ್ಲಿ ಚಿನ್ನ, ಬಂಗಾರ, ಮುದ್ದು, ಕಂದ ಎಂಬ ನಾಲ್ಕಾರು ಪದ ಬಿಟ್ಟರೆ ಗಂಟು ಖಾಲಿ ಎಂಬುದು ದೂರುದಾರರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ, ಎಣಿಸಿದ ವಸ್ತುವಿನಲ್ಲಿ ತಪ್ಪಿದೆ. ಮೈಸೂರು ಜಿಲ್ಲೆಯ ದಕ್ಷಿಣದ ತಾಲ್ಲೂಕುಗಳ ಮಾತನ್ನು ಕಿವಿಗೊಟ್ಟು ಕೇಳಿದರೆ ಅಲ್ಲಿ ಅಕ್ಕರೆ ಬಿಡಿ ನಾಮಪದವಾಗಿ ಸಿಗುವುದು ಕಡಿಮೆ. ಅದು ಸಿಗುವುದು ಸ್ಥಾನ ಬದಲಾಯಿಸುವುದರಲ್ಲಿ. ಚಿಕ್ಕವರನ್ನು ದೊಡ್ಡವರ ಪೀಠಕ್ಕೆ ಏರಿಸುವುದು, ಹೊರಗಿನವರನ್ನು ನಂಟಿಗೆ ಸೇರಿಸಿಕೊಳ್ಳುವುದು, ಗೌರವದ ಬೇಲಿಯನ್ನು ಬೇಕೆಂದೇ ಕಿತ್ತು ಹಾಕುವುದು: ಈ ಮೂರು ಬಗೆಯಲ್ಲಿ ಆ ಸೀಮೆಯ ಕನ್ನಡ ಪ್ರೀತಿಯ ಕೆಲಸ ಮಾಡುತ್ತದೆ.

ಕಬಿನಿ ಹಿನ್ನೀರಿನ ದಕ್ಷಿಣಕ್ಕೆ, ಬಂಡೀಪುರ ಹುಲಿ ಮೀಸಲಿನ ಒಂದು ವಲಯಕ್ಕೆ ತನ್ನ ಹೆಸರು ಕೊಟ್ಟಿರುವ ಎನ್. ಬೇಗೂರನ್ನೇ ತೆಗೆದುಕೊಳ್ಳಿ. ಎಚ್.ಡಿ. ಕೋಟೆ ಸೀಮೆಯ ಈ ಮೂಲೆಯಲ್ಲಿ ಒಕ್ಕಲಿಗರ, ಲಿಂಗಾಯತರ, ದಲಿತರ, ನಾಯಕರ ಕನ್ನಡ ಇದೆ; ಜೇನು ಕುರುಬರ, ಬೆಟ್ಟ ಕುರುಬರ, ಯರವರ ನುಡಿಗಳಿವೆ; ಸರಗೂರು, ಕೋಟೆಯ ಪೇಟೆಗೆ ಬಂದರೆ ದಖನಿ ಉರ್ದು ಇದೆ; ಬಾವಲಿ ದಾಟಿದರೆ ವಯನಾಡಿನ ಮಲಯಾಳ. ಇಲ್ಲಿಯ ಕನ್ನಡದಲ್ಲಿ ‘ಬಾ’ ಎಂಬ ಒಂದೇ ಕ್ರಿಯಾಪದ ಎಷ್ಟು ವೇಷ ಹಾಕುತ್ತದೆ ನೋಡಿ. ಅಪರಿಚಿತರಿಗೆ ‘ಬನ್ನಿ’. ಓರಗೆಯ ಗೆಳೆಯನಿಗೆ ‘ಬಾರ್ಲಾ’. ಓರಗೆಯ ಹುಡುಗಿಗೆ, ತಂಗಿಗೆ ‘ಬಾಮ್ಮಿ’. ಸ್ವಲ್ಪ ಹಿರಿಯನಾದ ಸಲುಗೆಯವನಿಗೆ ‘ಬಾರಯ್ಯ’. ಮಗನಿಗೆ, ಮೊಮ್ಮಗನಿಗೆ, ಪಕ್ಕದ ಮನೆಯ ಹೈದನಿಗೆ ‘ಬಾರಪ್ಪ’. ಮಗಳಿಗೆ, ಸೊಸೆಗೆ, ಸಂತೆಯಲ್ಲಿ ಸೊಪ್ಪು ಕೊಳ್ಳಲು ನಿಂತ ಹೆಣ್ಣುಮಗಳಿಗೆ ‘ಬಾರವ್ವ’. ಒಂದು ಕಾಲಕ್ಕೆ ಜಮೀನ್ದಾರನಿಗೆ ‘ಬನ್ನಿ ಬುದ್ಧಿ’. ಕ್ರಿಯೆ ಒಂದೇ, ಬರುವವನು ನಡೆಯಬೇಕಾದ ದೂರವೂ ಅಷ್ಟೇ. ಆದರೆ ಕರೆದವನಿಗೂ ಬರುವವನಿಗೂ ನಡುವಿನ ಅಂತರ ಎಷ್ಟೆಂದು ಹೇಳುವುದು ಕೊನೆಗೆ ಅಂಟಿದ ಆ ಒಂದೆರಡು ಅಕ್ಷರ. ಶಾಲೆಯ ವ್ಯಾಕರಣದಲ್ಲಿ ಸಂಬೋಧನೆ ಎಂಬುದು ವಿಭಕ್ತಿಗಳ ಪಟ್ಟಿಯಲ್ಲಿ ಎಂಟನೆಯದಾಗಿ ಬರುತ್ತದೆ, ಮಕ್ಕಳು ‘ರಾಮನೇ’ ಎಂದು ಬಾಯಿಪಾಠ ಮಾಡಿ ಮುಗಿಸುತ್ತಾರೆ. ಮನೆಯಲ್ಲಿ ಯಾರೂ ಯಾರನ್ನೂ ‘ರಾಮನೇ’ ಎಂದು ಕರೆದದ್ದು ಕಾಣೆ.

ಇವುಗಳಲ್ಲಿ ತುಂಬ ಯೋಚಿಸುವಂತೆ ಮಾಡುವುದು ‘ಅಪ್ಪ’ ಮತ್ತು ‘ಅವ್ವ’. ಜ್ವರ ಬಂದು ಮುಖ ತಿರುಗಿಸಿದ ಐದು ವರ್ಷದ ಹುಡುಗನ ಮುಂದೆ ತಾಯಿ ಗಂಜಿಯ ಬಟ್ಟಲು ಹಿಡಿದು ಕೂತಿರುತ್ತಾಳೆ. ಮೊದಲು ‘ಉಣ್ಲಾ’ ಅನ್ನುತ್ತಾಳೆ. ಅವನು ಕೇಳುವುದಿಲ್ಲ. ಆಮೇಲೆ ‘ಉಣ್ಣಪ್ಪ’. ಅದಕ್ಕೂ ಬಗ್ಗದಿದ್ದರೆ ‘ನಮ್ಮಪ್ಪ ಅಲ್ವಾ, ಒಂದ್ ತುತ್ತು ಕನಪ್ಪ’. ಅವಳ ದನಿ ಇಳಿದಷ್ಟೂ ಹುಡುಗನ ಪದವಿ ಏರುತ್ತದೆ. ಕೊನೆಗೆ ‘ನನ್ ಸ್ವಾಮಿ’, ‘ನನ್ ದೊರೆ’ ಕೂಡ ಬರಬಹುದು. ಕೂಸನ್ನು ಕೂಸೆಂದು ಕರೆಯುವ ಪದಗಳು ಈ ಮಾತಿನಲ್ಲಿ ಇಲ್ಲವೆಂದಲ್ಲ; ಕೂಸೇ, ಮೊಗಾ, ಕಂದಾ ಎಲ್ಲ ಇವೆ. ಆದರೆ ಓಲೈಕೆ ಗಾಢವಾದಾಗ ತಾಯಿ ಕೈಹಾಕುವುದು ತನಗಿಂತ ಮೇಲಿನ ನಂಟಿನ ಪದಕ್ಕೆ. ಮಗಳು ಕಾಲೇಜಿಗೆಂದು ಮೈಸೂರಿನ ಬಸ್ಸು ಹತ್ತುವಾಗಲೂ ಹಾಗೆಯೇ: ‘ಉಷಾರು ಕನವ್ವ, ಇಳಿದೇಟ್ಗೆ ಫೋನ್ ಮಾಡವ್ವ’. ಹೆತ್ತವಳು ಹೆತ್ತ ಮಗಳನ್ನು ಅವ್ವ ಎನ್ನುತ್ತಿದ್ದಾಳೆ. ಇದನ್ನು ದಿನವೂ ಕೇಳುವ ನಮಗೆ ಇದರ ವಿಚಿತ್ರ ತಟ್ಟುವುದೇ ಇಲ್ಲ.

ಇದಕ್ಕೆ ಒಂದು ಸಿದ್ಧ ಉತ್ತರವಿದೆ, ಮತ್ತು ಅದು ನನ್ನ ವಾದಕ್ಕೆ ಮೊದಲ ಆಕ್ಷೇಪ. ಈ ಭಾಗದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆ ಇದೆ. ಸೊಸೆ ಮಾವನ ಹೆಸರನ್ನು ಬಾಯಲ್ಲಿ ಎತ್ತುವಂತಿಲ್ಲ. ತನ್ನ ಮಗನಿಗೇ ಆ ಹೆಸರು ಬಂದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕೂಗುವುದು ಹೇಗೆ? ಹಾಗಾಗಿ ಅಪ್ಪ, ಅಯ್ಯ, ಅಪ್ಪಾಜಿ ಎಂದು ಸುತ್ತು ದಾರಿ ಹಿಡಿದಳು. ಇದರಲ್ಲಿ ಅಕ್ಕರೆಗಿಂತ ಕಟ್ಟಳೆ ಹೆಚ್ಚು ಎನ್ನುತ್ತಾರೆ. ಕೆಲವು ಮನೆಗಳ ಮಟ್ಟಿಗೆ ಈ ವಿವರಣೆ ಸರಿಯೇ ಇರಬೇಕು. ಆದರೆ ಹಿರಿಯ ಮಗನಿಗೆ ಅಜ್ಜನ ಹೆಸರು ಹೋದ ಮೇಲೆ ಮೂರನೆಯ ಮಗನನ್ನೂ ಅಪ್ಪ ಎನ್ನುವುದೇಕೆ? ಯಾವ ಹಿರಿಯರ ಹೆಸರೂ ಇಲ್ಲದ, ಟಿ.ವಿ. ಧಾರಾವಾಹಿ ನೋಡಿ ಹೆಸರಿಟ್ಟ ಮಗುವನ್ನು ಅದೇ ಪದದಿಂದ ಕರೆಯುವುದೇಕೆ? ಸಂಬಂಧವೇ ಇಲ್ಲದ ಹುಡುಗ ದಾರಿ ಕೇಳಿದರೆ ‘ಹಿಂಗೇ ಹೋಗಪ್ಪ’ ಎನ್ನುವ ಮುದುಕಿಗೆ ಯಾವ ಮಾವನ ಹೆಸರಿನ ಕಾಟ? ಕಟ್ಟಳೆಯಿಂದ ಹುಟ್ಟಿದ್ದರೂ ಪದ ಅಲ್ಲೇ ನಿಂತಿಲ್ಲ.

ಇನ್ನೂ ಗಟ್ಟಿ ಉತ್ತರ ಹೊರಗಿನಿಂದ ಬರುತ್ತದೆ. ಸ್ಪ್ಯಾನಿಷ್ ಮಾತಾಡುವ ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ತಾಯಂದಿರು ಪುಟ್ಟ ಮಗನನ್ನು ‘ಪಾಪಿ’, ‘ಪಾಪಿತೊ’ ಎನ್ನುತ್ತಾರೆ, ಅಂದರೆ ಅಪ್ಪ, ಅಪ್ಪಯ್ಯ. ಮಗಳನ್ನು ‘ಮಾಮಿ’, ‘ಮಾಮಿತ’ ಎನ್ನುತ್ತಾರೆ. (ನಮ್ಮ ಕಿವಿಗೆ ಪಾಪಿ ಎಂದರೆ ಬೈಗುಳ, ಮೈಸೂರಿನ ಅಜ್ಜಿಯರು ಅದನ್ನೂ ಮುದ್ದಿಗೇ ಬಳಸುತ್ತಾರೆ, ಆ ಮಾತು ಮುಂದಕ್ಕಿರಲಿ.) ಅರಬ್ ನಾಡುಗಳಲ್ಲಿ ತಾಯಿ ಮಗುವನ್ನು ‘ಮಾಮಾ’ ಎಂದೇ ಕರೆಯುವ ರೂಢಿ ಇದೆ, ಮಗು ಗಂಡಾದರೂ ಅಷ್ಟೆ. ಅಲ್ಲೆಲ್ಲ ನಮ್ಮ ಸೊಸೆ-ಮಾವಂದಿರ ಹೆಸರಿನ ಕಟ್ಟಳೆ ಇಲ್ಲ. ಹಾಗಿದ್ದೂ ಪದ ಹೀಗೆ ಹಿಮ್ಮುಖವಾಗಿ ಹರಿಯುತ್ತದೆ ಎಂದರೆ ಇದರ ಬೇರು ಬೇರೆ ಕಡೆ ಇದೆ. ಹೆತ್ತವರನ್ನು ಮಗು ಏನೆಂದು ಕರೆಯುತ್ತದೋ ಅದೇ ಪದವನ್ನು ಮಗುವಿಗೆ ಮರಳಿಸುವುದು, ಆ ಮೂಲಕ ಇಬ್ಬರಲ್ಲಿ ಯಾರು ಹಿರಿಯರು ಎಂಬುದನ್ನು ಒಂದು ಗಳಿಗೆ ಮರೆಸುವುದು. ಅಪ್ಪ, ಅವ್ವ, ಅಮ್ಮ ಎಂಬ ಪದಗಳನ್ನು ಹೀಗೆ ಮರಳಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪುನೀತ್ ರಾಜ್‌ಕುಮಾರ್ ಮನೆಯಲ್ಲಿ ‘ಅಪ್ಪು’, ಅವರ ತಂದೆ ಅದೇ ಮನೆಯಲ್ಲಿ ‘ಅಪ್ಪಾಜಿ’. 2002ರಲ್ಲಿ ಪುನೀತ್ ನಾಯಕನಾದ ಮೊದಲ ಸಿನಿಮಾದ ಹೆಸರೂ ‘ಅಪ್ಪು’. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಚಾಮರಾಜನಗರದಿಂದ ಬೀದರ್‌ವರೆಗೆ ಬ್ಯಾನರ್‌ಗಳ ಮೇಲೆ ಬಂದದ್ದು ಆ ಮನೆಯ ಕರೆಯೇ.

ಎರಡನೆಯ ಆಕ್ಷೇಪ ಸವಕಲಿನದು. ಬಸ್ಸಿನ ಕಂಡಕ್ಟರ್ ‘ಮುಂದಕ್ಕೆ ಹೋಗಪ್ಪ’ ಎನ್ನುತ್ತಾನೆ, ಗುಮಾಸ್ತ ‘ನಾಳೆ ಬಾರವ್ವ’ ಎಂದು ಅರ್ಜಿ ಹಿಂದಿರುಗಿಸುತ್ತಾನೆ, ಜಗಳದಲ್ಲಿ ‘ಸಾಕು ಹೋಗಪ್ಪ’ ಎಂಬುದಕ್ಕಿಂತ ಖಾರದ ಮಾತಿಲ್ಲ. ಇಷ್ಟೆಲ್ಲ ಕಡೆ ಉರುಳಾಡಿದ ಪದದಲ್ಲಿ ಪ್ರೀತಿ ಎಲ್ಲಿ ಉಳಿದಿರುತ್ತದೆ? ಇದೇ ಪ್ರಶ್ನೆಯನ್ನು ಸ್ಪ್ಯಾನಿಷ್‌ನವರಿಗೂ ಕೇಳಬಹುದು. ಕ್ಯಾರಿಬಿಯನ್ ಕರಾವಳಿಯ ಪೇಟೆಗಳಲ್ಲಿ ಹಣ್ಣು ಮಾರುವ ಹೆಂಗಸು ಗುರುತಿಲ್ಲದ ಗಿರಾಕಿಗೂ ‘ಮಿ ಅಮೊರ್’ ಎನ್ನುತ್ತಾಳೆ, ನನ್ನ ಪ್ರೀತಿಯೇ ಎಂದು. ಯಾರೂ ಅದನ್ನು ಪ್ರೇಮ ನಿವೇದನೆ ಎಂದು ತಿಳಿಯುವುದಿಲ್ಲ, ಮನೆಯಲ್ಲಿ ಅದೇ ಪದ ಕೇಳಿದಾಗ ಸಂತೆಯದೆಂದೂ ತಿಳಿಯುವುದಿಲ್ಲ. ಪದದ ಜೊತೆಗೆ ದನಿ, ಹೊತ್ತು, ಹೇಳುವ ಬಾಯಿ ಇವೂ ಬರುತ್ತವೆ. ‘ನಾಳೆ ಬಾರವ್ವ’ ಎಂದ ಗುಮಾಸ್ತನ ಮೇಲೆ ನಮಗೆ ಸಿಟ್ಟು ಬರುವುದೇಕೆ ಎಂದು ಯೋಚಿಸಿದರೆ ಸಾಕು. ಅವನು ನಂಟಿನ ಪದ ಬಳಸಿ ನಂಟಿನ ಕೆಲಸ ಮಾಡಲಿಲ್ಲ ಎಂಬುದೇ ಸಿಟ್ಟಿನ ಮೂಲ. ಪದ ಪೂರ್ತಿ ಸವೆದಿದ್ದರೆ ಆ ಸಿಟ್ಟಿಗೂ ಕಾರಣವಿರುತ್ತಿರಲಿಲ್ಲ.

ಈಗ ‘ಲಾ’ಗೆ ಬರೋಣ. ಮೈಸೂರು, ಮಂಡ್ಯ, ಚಾಮರಾಜನಗರದ ಕನ್ನಡದ ಗುರುತಿನ ಚೀಟಿ ಇದು. ‘ಏನ್ಲಾ’, ‘ಹೂ ಕನ್ಲಾ’, ‘ಯಾವಾಗ್ ಬಂದ್ಲಾ’. ಊರು ಬಿಟ್ಟು ಹತ್ತು ವರ್ಷದ ಮೇಲೆ ಸಿಕ್ಕ ಗೆಳೆಯನನ್ನು ‘ಹೇಗಿದ್ದೀರಿ’ ಎಂದು ಕೇಳಿದರೆ ಅವನು ಏನೋ ತಪ್ಪಾಗಿದೆ ಎಂದುಕೊಳ್ಳುತ್ತಾನೆ. ‘ಏನ್ಲಾ’ ಎಂದರೆ ಹತ್ತು ವರ್ಷ ಅಳಿಸಿಹೋಗುತ್ತದೆ. ಬೆಂಗಳೂರಿನಲ್ಲಿ ಇದನ್ನು ಒರಟು ಎನ್ನುವವರು ಒಂದು ಸಂಗತಿ ಗಮನಿಸಬೇಕು. ಅರ್ಜೆಂಟೀನಾದ ಸ್ಪ್ಯಾನಿಷ್‌ನಲ್ಲಿ ಇಂಥದೇ ಒಂದು ಕರೆ ಇದೆ: ‘ಚೆ’. ಗೆಳೆಯನನ್ನು ಕೂಗಲು, ಮಾತಿಗೆ ಎಳೆಯಲು, ಅಚ್ಚರಿಗೆ, ಎಲ್ಲಕ್ಕೂ ಅದೇ. ಎರ್ನೆಸ್ತೊ ಗೆವಾರ ಎಂಬ ವೈದ್ಯ ಮಾತು ಮಾತಿಗೂ ಅದನ್ನು ಬಳಸುತ್ತಿದ್ದುದರಿಂದ ಕ್ಯೂಬಾದ ಸಂಗಾತಿಗಳು ಅವನಿಗೆ ಅದನ್ನೇ ಹೆಸರಾಗಿ ಕಟ್ಟಿದರು, ಅವನು ಆ ಹೆಸರಿನಲ್ಲೇ ಸಹಿಯನ್ನೂ ಹಾಕಿದ. ಜಗತ್ತಿನ ಟೀ ಶರ್ಟುಗಳ ಮೇಲೆ ಕೂತಿರುವ ಹೆಸರು ಮೂಲದಲ್ಲಿ ನಮ್ಮ ‘ಲಾ’ದ ಅಣ್ಣನೋ ತಮ್ಮನೋ. ಒಂದು ಇಡೀ ದೇಶ ತನ್ನ ಸಲುಗೆಯ ಕರೆಯನ್ನು ನಾಚಿಕೆ ಇಲ್ಲದೆ ಇಟ್ಟುಕೊಂಡಿರುವಾಗ ನಾವೇಕೆ ಮಕ್ಕಳ ಬಾಯಿಂದ ಅದನ್ನು ಕೀಳಬೇಕು?

ಆದರೆ ಇಲ್ಲಿ ನನ್ನ ವಾದಕ್ಕೆ ದೊಡ್ಡ ತೊಡಕು ಎದುರಾಗುತ್ತದೆ, ಇದನ್ನು ಹಾರಿ ಹೋಗುವುದು ಅಪ್ರಾಮಾಣಿಕ. ಇದೇ ‘ಲಾ’ ಜೀತದಾಳನ್ನು ಕರೆಯುತ್ತಿದ್ದ ಪದವೂ ಹೌದು. ಎಂಟು ವರ್ಷದ ಜಮೀನ್ದಾರನ ಮಗ ಅರವತ್ತರ ಆಳನ್ನು ‘ಬಾರ್ಲಾ’ ಎನ್ನುತ್ತಿದ್ದ. ಆ ಮುದುಕ ‘ಬಂದೆ ಬುದ್ಧಿ’ ಎನ್ನಬೇಕಿತ್ತು. ಸಲುಗೆ ಎಂದು ನಾನು ಕರೆಯುವುದು ಅಲ್ಲಿ ನೇರ ಅವಮಾನ. ದಲಿತ ಕೇರಿಯಿಂದ ಓದಿ ಬಂದ ಒಬ್ಬ ತಂದೆ ತನ್ನ ಮಕ್ಕಳಿಗೆ ‘ಲಾ’ ಬಳಸಬೇಡಿ, ‘ರೀ’ ಅನ್ನಿ, ‘ಬನ್ನಿ ಹೋಗಿ’ ಅನ್ನಿ ಎಂದು ಕಲಿಸಿದರೆ ಅದಕ್ಕೆ ಅವನದೇ ಕಾರಣವಿದೆ, ಆ ಕಾರಣ ಭಾಷಾಪ್ರೇಮಿಗಳ ಹಳಹಳಿಕೆಗಿಂತ ತೂಕದ್ದು. ಈ ಸೀಮೆಯ ಚರಿತ್ರೆಯೇ ಅದನ್ನು ಹೇಳುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು. 1976ರಲ್ಲಿ ಕೇಂದ್ರದ ಕಾಯ್ದೆ ಜೀತವನ್ನು ರದ್ದು ಮಾಡಿತು. ಕಾನೂನು ಬಂದ ಮರುದಿನವೇ ಮಾತು ಬದಲಾಗಲಿಲ್ಲ, ಆದರೆ ಮಾತಿನ ಕೆಳಗಿದ್ದ ನೆಲ ಬದಲಾಯಿತು. ಆಳು ಯಾರ ಹೊಲದಲ್ಲಿ ದುಡಿಯುತ್ತಿದ್ದನೋ ಅವನನ್ನು ‘ಬುದ್ಧಿ’ ಎನ್ನಲೇಬೇಕಾದ ಹಂಗು ಸಡಿಲವಾಯಿತು.

ಹಾಗಾದರೆ ಪ್ರೀತಿಯ ‘ಲಾ’ ಯಾವುದು, ದರ್ಪದ ‘ಲಾ’ ಯಾವುದು ಎಂದು ಬಿಡಿಸುವುದು ಹೇಗೆ? 1960ರಲ್ಲಿ ರೋಜರ್ ಬ್ರೌನ್, ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು ಯುರೋಪಿನ ಭಾಷೆಗಳ ‘ನೀನು’ ಮತ್ತು ‘ನೀವು’ಗಳ ಬಗ್ಗೆ ಒಂದು ಪ್ರಬಂಧ ಬರೆದರು. ಸ್ಪ್ಯಾನಿಷ್‌ನ ‘ತು’ ಮತ್ತು ‘ಉಸ್ತೆದ್’ ಕೂಡ ಅದರಲ್ಲಿವೆ. ಅವರು ಹೇಳಿದ್ದರ ಸಾರ ಇಷ್ಟು: ‘ನೀನು’ ಎರಡು ಬೇರೆ ಶಕ್ತಿಗಳಿಂದ ನಡೆಯುತ್ತದೆ, ಒಂದು ಅಧಿಕಾರ, ಇನ್ನೊಂದು ಆಪ್ತತೆ. ಅಧಿಕಾರದ ‘ನೀನು’ ಒಮ್ಮುಖ, ಮೇಲಿಂದ ಕೆಳಕ್ಕೆ ಮಾತ್ರ. ಆಪ್ತತೆಯ ‘ನೀನು’ ಇಮ್ಮುಖ. ಈ ಅಳತೆಗೋಲನ್ನು ಎಚ್.ಡಿ. ಕೋಟೆಯ ಮಾತಿಗೆ ಹಿಡಿದರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ. ಗೆಳೆಯ ‘ಏನ್ಲಾ’ ಎಂದರೆ ನಾನೂ ‘ಏನ್ಲಾ’ ಎನ್ನಬಲ್ಲೆ. ಜಮೀನ್ದಾರನಿಗೆ ಆಳು ಅದನ್ನು ಮರಳಿ ಹೇಳುವಂತಿರಲಿಲ್ಲ. ತಾಯಿ-ಮಗನ ನಡುವೆ? ‘ಲಾ’ ಮರಳುವುದಿಲ್ಲ ನಿಜ, ಆದರೆ ಈ ಭಾಗದ ಮಕ್ಕಳು ತಾಯಿಯನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ: ‘ಅವ್ವ, ನೀ ಉಂಡ್ಯಾ?’ ಎಷ್ಟೋ ಮನೆಗಳಲ್ಲಿ ಅಪ್ಪನಿಗೂ ಏಕವಚನವೇ. ದೇವರಾದ ಬೆಟ್ಟದ ಮಾದಪ್ಪನಿಗೂ ಏಕವಚನ. ಅವನಂತೂ ಅಪ್ಪ ಎಂಬ ಪದವನ್ನು ಹೆಸರಲ್ಲೇ ಹೊತ್ತವನು, ಹಾಡುಗಾರರ ಬಾಯಲ್ಲಿ ಮುದ್ದು ಮಾದೇವನೂ ಹೌದು, ಒಟ್ಟಿಗೇ ತಂದೆ ಮತ್ತು ಕೂಸು. ಮಂಟೇಸ್ವಾಮಿ ಪರಂಪರೆಯಲ್ಲಿ ಶಿಷ್ಯನನ್ನು ‘ಶಿಶುಮಗ’ ಎಂದು ಕರೆದರೆ, ಆ ಶಿಶುಮಗನೇ ಭಕ್ತರಿಗೆ ‘ಸಿದ್ದಪ್ಪಾಜಿ’. ಮೇಲೆ ಕೆಳಗೆ ಓಡಾಡಲು ಏಣಿ ಇರುವ ಕಡೆ ಸಲುಗೆ ಸಲುಗೆಯೇ. ಏಣಿ ತೆಗೆದ ಕಡೆ ಅದೇ ಪದ ಬೈಗುಳ.

ಇದರ ಇನ್ನೊಂದು ಮಗ್ಗುಲೂ ಇದೆ: ಅಧಿಕಾರದ ಪದ ಪ್ರೀತಿಯದಾಗಿ ಹಣ್ಣಾಗಬಹುದು. ಕೊಲಂಬಿಯಾದ ಬೊಯಾಕಾ ಸೀಮೆಯಲ್ಲಿ ಮನೆಯವರನ್ನು ‘ಸುಮೆರ್ಸೆ’ ಎಂದು ಕರೆಯುತ್ತಾರೆ. ಅದರ ಮೂಲ ‘ತಮ್ಮ ಕೃಪೆ’ ಎಂಬರ್ಥದ ಮಾತು, ವಸಾಹತು ಕಾಲದಲ್ಲಿ ಆಳುಗಳು ಒಡೆಯರಿಗೆ ತಗ್ಗಿ ಹೇಳುತ್ತಿದ್ದುದು. ಇಂದು ಅದೇ ಮಾತನ್ನು ತಾಯಿ ಮಗಳಿಗೆ, ಗಂಡ ಹೆಂಡತಿಗೆ ಮುದ್ದಿನಿಂದ ಹೇಳುತ್ತಾರೆ. ನಮ್ಮ ತಾಯಿ ಜ್ವರದ ಹುಡುಗನಿಗೆ ‘ನನ್ ದೊರೆ’ ಎಂದಾಗ ಆಗುವುದೂ ಇದೇ. ದೊರೆಗಳ ಕಾಲ ಮುಗಿದಿದೆ, ಪದ ಮನೆಯೊಳಕ್ಕೆ ಬಂದು ಕೂಸಿನ ತಲೆಯ ಮೇಲೆ ಕೂತಿದೆ.

ಗಂಡ-ಹೆಂಡತಿಯ ವಿಚಾರದಲ್ಲಿ ದೂರುದಾರರ ಪಕ್ಷ ಇನ್ನೂ ಬಲವಾಗಿದೆ. ಅವನು ‘ಲೇ’, ಅವಳು ‘ರೀ’. ಅವನು ಹೆಸರು ಹಿಡಿಯಬಹುದು, ಅವಳು ಹಿಡಿಯಬಾರದು. ನಾನು ಹೇಳಿದ ಅಳತೆಗೋಲಿನಲ್ಲೇ ಇದು ಸೋಲುತ್ತದೆ, ಸೋಲಲಿ. ಮದುವೆಯಲ್ಲಿ ಹುಡುಗಿಯ ಬಾಯಿಂದ ಗಂಡನ ಹೆಸರು ಹೊರಡಿಸಲು ನೆಂಟರೆಲ್ಲ ಸೇರಿ ಕಾಡುವುದು ತಮಾಷೆಯೇ ಆದರೂ, ಆ ತಮಾಷೆಗೆ ಕಾರಣ ಮರುದಿನದಿಂದ ಅವಳು ಆ ಹೆಸರು ಹೇಳುವಂತಿಲ್ಲ ಎಂಬುದು. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ದಾಂಪತ್ಯದ ಕವಿತೆಗಳಿಗೆ ಹೆಸರಾದ ಸಂಕಲನ. ಅಲ್ಲೂ ಮಾವನ ಮನೆಗೆ ಬರುವ ಅಳಿಯ ‘ರಾಯರು’, ಹೆಂಡತಿ ಬರಿಯ ಪದುಮ. ಆದರೆ ಅದು ಓದು ಬರಹ ಬಲ್ಲ ಮನೆಗಳ ಚಿತ್ರ. ಹಳ್ಳಿಯ ಕನ್ನಡದಲ್ಲಿ ಹೆಂಡತಿಗೆ ಇನ್ನೊಂದು ದಾರಿಯಿತ್ತು, ಅದು ‘ಮಾವ’. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತರುವ ಪದ್ಧತಿ ಈ ಭಾಗದಲ್ಲಿ ಬಲವಾಗಿದ್ದುದರಿಂದ ಹುಡುಗಿಗೆ ಗಂಡ ಮದುವೆಗೆ ಮುಂಚಿನಿಂದಲೇ ಮಾವನೋ ಬಾವನೋ ಆಗಿರುತ್ತಿದ್ದ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದೊಯ್ದವನನ್ನು ಅವಳು ಮದುವೆಯಾದ ಮೇಲೂ ಅದೇ ದನಿಯಲ್ಲಿ ‘ಮಾವ’ ಎನ್ನುತ್ತಿದ್ದಳು. ಆ ಸಲುಗೆ ಹರಡಿ, ನಂಟೇ ಇಲ್ಲದ ಕಡೆಯಿಂದ ಬಂದ ಹುಡುಗಿಯೂ ಗಂಡನನ್ನು ಮಾವ ಎನ್ನುವುದು ರೂಢಿಯಾಯಿತು. ಬಾವಲಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಹೆಂಡತಿ ಗಂಡನನ್ನು ‘ಚೇಟ್ಟಾ’ ಎನ್ನುತ್ತಾಳೆ, ಅಂದರೆ ಅಣ್ಣ. ಮೆಕ್ಸಿಕೊದಲ್ಲಿ ಅವಳು ‘ಮಿಹೊ’ ಎನ್ನಬಹುದು, ಅಂದರೆ ಮಗನೇ! ಮೂರು ಕಡೆಯೂ ಗಂಡನಿಗೆ ಗಂಡನೆಂಬ ಪದ ಸಾಲದೆ ಇನ್ನೊಂದು ನಂಟಿನ ಸಾಲ ತಂದಿದ್ದಾರೆ. ಸೋದರಮಾವನ ಮದುವೆಗಳು ಕಡಿಮೆಯಾಗುತ್ತಿವೆ, ವೈದ್ಯರು ಹೇಳುವ ಕಾರಣಗಳಿಗಾಗಿ ಕಡಿಮೆಯಾಗಬೇಕಾದ್ದೇ. ಅವುಗಳ ಜೊತೆಗೆ ಈ ಕರೆಯೂ ಹೋಗುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಸಿನಿಮಾ ಹಾಡುಗಳ ಪುಣ್ಯದಿಂದ ಸದ್ಯಕ್ಕಂತೂ ಹೋಗಿಲ್ಲ.

ಬೈಗುಳದ ಮುದ್ದಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಳ್ಳ, ತರ್ಲೆ, ಮುಂಡೇದು, ಪಾಪಿ ಎಂದು ಕೂಸಿನ ಕೆನ್ನೆ ಹಿಂಡುವುದು ಎಲ್ಲರೂ ಬಲ್ಲದ್ದು. ದೃಷ್ಟಿ ತಾಗದಿರಲೆಂದು ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಡುವುದೂ ಅಷ್ಟೇ ಹಳೆಯದು. ಮೈಬಣ್ಣ, ಮೈಕಟ್ಟು ಹಿಡಿದು ಕರಿಯ, ಕುಳ್ಳ, ಡುಮ್ಮಿ ಎನ್ನುವುದನ್ನು ಮಾತ್ರ ಇಂದು ಬಹಳ ಜನ ಒಪ್ಪುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ‘ಗೊರ್ದಾ’ (ದಪ್ಪಗಿರುವವಳು), ‘ಫ್ಲಾಕೊ’ (ಸಣಕಲ), ‘ನೆಗ್ರಾ’ (ಕರಿಯಳು) ಎಂಬುವು ದಂಪತಿಗಳ ನಡುವಿನ ದಿನನಿತ್ಯದ ಮುದ್ದಿನ ಪದಗಳು. ಅರ್ಜೆಂಟೀನಾದ ಗಾಯಕಿ ಮೆರ್ಸೆದೆಸ್ ಸೋಸಾರನ್ನು ಅಭಿಮಾನಿಗಳು ‘ಲಾ ನೆಗ್ರಾ’ ಎಂದೇ ಕರೆದರು. ಚಿಲಿಯ ಕವಿ ಪಾಬ್ಲೊ ನೆರೂದ ಸಾಂತಿಯಾಗೊದಲ್ಲಿ ತನ್ನ ಪ್ರೇಯಸಿ ಮತಿಲ್ದೆಗಾಗಿ ಕಟ್ಟಿಸಿದ ಮನೆಯ ಹೆಸರು ‘ಲಾ ಚಸ್ಕೋನಾ’, ಕೆದರಿದ ಕೂದಲಿನವಳು ಎಂದು. ಅವಳ ಕೂದಲಿನ ಮೇಲೆ ಹುಟ್ಟಿದ ಅಡ್ಡ ಹೆಸರು ಮನೆಯ ಹೆಸರೇ ಆಯಿತು. ಅವಳು ಅದನ್ನು ಒಪ್ಪಿದ್ದಳು ಎಂಬುದು ಇಲ್ಲಿ ಮುಖ್ಯ. ತರಗತಿಯಲ್ಲಿ ಮೇಷ್ಟ್ರು ಹುಡುಗನನ್ನು ಕರಿಯ ಎಂದರೆ ಅವನು ಒಪ್ಪಿದ್ದಾನೋ ಇಲ್ಲವೋ ಕೇಳಿದವರು ಯಾರು? ಮತ್ತೆ ಅದೇ ಏಣಿಯ ಮಾತು.

ಇಷ್ಟು ಸೂಕ್ಷ್ಮವಾದ ಏರ್ಪಾಡನ್ನು ಬರಹ ಎಷ್ಟು ಹಿಡಿದಿಟ್ಟಿದೆ? ಸ್ವಲ್ಪ ಹಿಡಿದಿದೆ. ಕಲ್ಲಹಳ್ಳಿಯವರೇ ಆದ ಚದುರಂಗರು ‘ವೈಶಾಖ’ದಲ್ಲಿ, ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರು ‘ಕುಸುಮಬಾಲೆ’ಯಲ್ಲಿ ಈ ಸೀಮೆಯ ಕರೆಯುವ ಮಾತುಗಳನ್ನು ಹಾಗೆಹಾಗೆಯೇ ಇಳಿಸಿದ್ದಾರೆ, ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ‘ಕುಸುಮಬಾಲೆ’ ಬಂದಾಗ ಕನ್ನಡಿಗರಿಗೇ ಓದಲು ಕಷ್ಟ ಎಂದು ಗೊಣಗಿದವರಿದ್ದರು. ಆ ಕಷ್ಟದ ಒಂದು ಪಾಲು ಇದರಲ್ಲಿದೆ: ಅಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಲೇಖಕರು ವಿವರಿಸುವುದಿಲ್ಲ, ಮಾತಿನ ಬಾಲದಲ್ಲಿರುವ ಅಪ್ಪ, ಅವ್ವ, ಲಾ, ಅಮ್ಮಿಗಳೇ ಹೇಳಬೇಕು. ಆ ಬಾಲಗಳನ್ನು ಓದಲು ಬಾರದವರಿಗೆ ಕಾದಂಬರಿಯ ನಂಟಸ್ತಿಕೆಯೂ ತಿಳಿಯುವುದಿಲ್ಲ. ನಿಘಂಟುಗಳ ಕತೆ ಬೇರೆ. ಅಪ್ಪ ಎಂದರೆ ತಂದೆ, ಗೌರವಸೂಚಕ ಎಂದು ಅರ್ಥ ಕೊಟ್ಟು ಮುಂದೆ ಹೋಗುವುದು ನಿಘಂಟಿನ ಸ್ವಭಾವ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ನಿಘಂಟು ಬಿಟ್ಟದ್ದನ್ನು ಶಾಲೆಯಾದರೂ ಕಲಿಸಬಹುದಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅವರ ಭಾಷೆಯಲ್ಲೂ ಕರೆಯುವಾಗ ಕೊನೆಗೊಂದು ‘ಲಾ’ ಬರುತ್ತದೆ: ತಾಯಿ ‘ಆಮಾ ಲಾ’, ತಂದೆ ‘ಪಾ ಲಾ’. ಅದು ಅಲ್ಲಿ ಗೌರವದ ಪ್ರತ್ಯಯ. ಒಂದೇ ಸಂತೆಯಲ್ಲಿ ಒಬ್ಬಳು ತಾಯಿಗೆ ಗೌರವ ಕೊಡಲು ‘ಲಾ’ ಎನ್ನುತ್ತಾಳೆ, ಪಕ್ಕದಲ್ಲಿ ಒಬ್ಬ ಗೆಳೆಯನ ಮೇಲಿನ ಗೌರವ ಕಳಚಲು ‘ಲಾ’ ಎನ್ನುತ್ತಾನೆ. ಸದ್ದು ಒಂದಾದದ್ದು ಬರೀ ಆಕಸ್ಮಿಕ, ಇದರಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ. ಆದರೆ ಬೈಲಕುಪ್ಪೆಯ ಮಕ್ಕಳಿಗೆ ತಮ್ಮ ‘ಲಾ’ ಎಲ್ಲಿ ಹೇಳಬೇಕೆಂದು ಮನೆಯಲ್ಲೂ ಶಾಲೆಯಲ್ಲೂ ಕಲಿಸುತ್ತಾರೆ. ನಮ್ಮ ‘ಲಾ’ದ ಬಗ್ಗೆ ಶಾಲೆ ಹೇಳುವುದು ‘ಹಾಗೆಲ್ಲ ಮಾತಾಡಬಾರದು’ ಎಂಬುದೊಂದೇ.

ಕೊನೆಯ ಆಕ್ಷೇಪ ಕಾಲದ್ದು: ಮಮ್ಮಿ, ಡ್ಯಾಡಿ, ಬ್ರೋ, ಮಚ್ಚಾ ಬಂದಾಯಿತು, ಇನ್ನು ಈ ಪದಗಳ ಚರ್ಚೆ ಯಾರಿಗೆ ಬೇಕು? ನನಗೆ ಈ ಭಯ ಅಷ್ಟಾಗಿ ಇಲ್ಲ. ಪದ ಬದಲಾದರೂ ಹೊಸೆಯುವ ಬಗೆ ಉಳಿದಿದೆ. ಕೆ.ಆರ್. ನಗರದ ಹುಡುಗ ‘ಬಾ ಬ್ರೋ’ ಎನ್ನುವಾಗಲೂ ಹೊರಗಿನವನನ್ನು ಅಣ್ಣತಮ್ಮನ ಸಾಲಿಗೆ ಸೇರಿಸುವ ಅಜ್ಜಿಯ ಕೆಲಸವನ್ನೇ ಮಾಡುತ್ತಿದ್ದಾನೆ. ಮಗಳನ್ನು ‘ಬಾ ಮಮ್ಮಿ’ ಎಂದು ಕರೆಯುವ ತಾಯಂದಿರೂ ಇದ್ದಾರೆ. ಅವ್ವ ಹೋಗಿ ಮಮ್ಮಿ ಬಂದಿರಬಹುದು, ತಿರುವು ಹಳೆಯದೇ. ನನಗೆ ಚಿಂತೆ ಇರುವುದು ಬೇರೆ ಕಡೆ. ಯಾವ ‘ಲಾ’ ಸಲುಗೆ, ಯಾವುದು ದರ್ಪ ಎಂಬ ತಿಳಿವಳಿಕೆ ಹಿಂದಿನ ತಲೆಮಾರಿನ ದಲಿತರಿಗೂ ಹೆಂಗಸರಿಗೂ ಚರ್ಮಕ್ಕೆ ತಾಕಿ ಬಂದದ್ದು. ಅದು ಯಾವ ಪುಸ್ತಕದಲ್ಲೂ ಇಲ್ಲ, ಅವರೊಂದಿಗೇ ಹೋಗುತ್ತದೆ.

ಆದ್ದರಿಂದ ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಾಲೇಜುಗಳಲ್ಲಿ ಕನ್ನಡ ಕಲಿಸುವವರಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಸುವ ಬದಲು ಒಮ್ಮೆ ಅವರವರ ಮನೆಯ ಕರೆಗಳನ್ನು ಬರೆದು ತರಲು ಹೇಳಿ: ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಆ ಮಾತು ಮರಳಿ ಬರುತ್ತದೆಯೇ, ಯಾವ ಕರೆಗೆ ಮನೆಯ ಹಿರಿಯರು ಇಂದಿಗೂ ನೊಂದುಕೊಳ್ಳುತ್ತಾರೆ. ಜೇನು ಕುರುಬರ, ಯರವರ ಮನೆಯ ಮಕ್ಕಳು ತಮ್ಮ ನುಡಿಯಲ್ಲೇ ಬರೆಯಲಿ. ನೋವಿನ ಪದಗಳನ್ನು ಬಿಡಬೇಡಿ, ಮುದ್ದಿನವನ್ನಷ್ಟೇ ಆರಿಸಿದರೆ ದಾಖಲೆ ಸುಳ್ಳಾಗುತ್ತದೆ. ಇದಕ್ಕೆ ಅನುದಾನ ಬೇಡ, ಯೋಜನಾ ವರದಿ ಬೇಡ. ತರಗತಿಗೊಂದು ನೋಟ್‌ಬುಕ್ ಇದ್ದರೆ ಈ ವರ್ಷವೇ ಶುರು ಮಾಡಬಹುದು.